ಹೊಗೆ ಲೆಕ್ಕದ ಮೂರನೆಯ ಹೆಸರು

ಧಾರವಾಡ
24-5-2024

ಪ್ರೀತಿಯ ಸುಗುಣತ್ತೆ,

ಫೋನ್ ಮಾಡಿದರೆ ನೀವು "ಊಟ ಆಯ್ತಾ? ಹುಷಾರ್ ಮಗಾ, ಇಡ್ತೆ" ಎಂದು ಮೂರೇ ಮಾತಿಗೆ ಇಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ. ಇನ್ನೊಂದು ಕಾರಣವೂ ಉಂಟು. ನಮ್ಮ ಮೇಡಂಗೆ ಬಾಯಿಮಾತು ಬೇಡವಂತೆ, ಮನೆಯವರದೇ ಕೈಬರಹ, ಮನೆಯವರದೇ ಸಹಿ ಬೇಕಂತೆ.

ನನ್ನ ಎಂಎಸ್ಸಿಯ ಕೊನೆಯ ಕೆಲಸ ಇದು. ಒಂದು ಮನೆಯಿಂದ ವರ್ಷಕ್ಕೆ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಎಂದು ಅಳೆಯಬೇಕು. ಗ್ಯಾಸು, ಕರೆಂಟು, ಸೌದೆ, ಬೈಕು, ಬಸ್ಸು ಎಲ್ಲವನ್ನೂ ಕಿಲೋ ಲೆಕ್ಕಕ್ಕೆ ತಂದು, ಮನೆಯ ಜನರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಎಂದು ಸಿಗುತ್ತದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹನ್ನೆರಡು ಮನೆ ಆರಿಸಿದ್ದೇನೆ. ಸ್ವಂತ ಮನೆಯನ್ನು ತೆಗೆದುಕೊಳ್ಳುವ ಹಾಗಿಲ್ಲ, ಹಾಗಾಗಿ ಬೈಂದೂರಿನಲ್ಲಿ ಅಮ್ಮ ಬಚಾವ್. ಕೋಡಿ ಊರಿನ ಲೆಕ್ಕಕ್ಕೆ ನಿಮ್ಮ ಮನೆಯೇ.

ಇದರೊಟ್ಟಿಗಿರುವ ಫಾರಂನಲ್ಲಿ ಜೂನ್, ಜುಲೈ ಎರಡು ತಿಂಗಳು ಬರೆದರೆ ಸಾಕು, ನಾನು ಆರರಿಂದ ಗುಣಿಸಿಕೊಳ್ಳುತ್ತೇನೆ. ಮನೆಯ ಜನ ಎಂದರೆ ರೇಷನ್ ಕಾರ್ಡಿನಲ್ಲಿ ಹೆಸರಿರುವವರಲ್ಲ. ನಿಮ್ಮ ಒಲೆಯಲ್ಲಿ ಬೆಂದದ್ದನ್ನು ದಿನಾ ಉಣ್ಣುವವರು, ಅಷ್ಟೇ. ಪ್ರಥಮ್ ಗೋವಾದ ಬೋಟಿನಲ್ಲಿ ಇರುವುದರಿಂದ, ಮಗ ಎಂದು ಅವನನ್ನು ಸೇರಿಸಬೇಡಿ. ಸುಳ್ಳು ಮಾತ್ರ ಬರೆಯಬೇಡಿ ಅತ್ತೆ. ಚೆಂದ ಕಾಣಲಿ ಎಂದು ಕಡಿಮೆ ಬರೆದರೆ ನನ್ನ ಲೆಕ್ಕವೆಲ್ಲ ಹಾಳು.

ನಿಮ್ಮ ಸೊಸೆ,
ನವ್ಯ

*

ಕೋಡಿ
8-6-2024

ಚಿರಂಜೀವಿ ನವ್ಯಶ್ರೀಗೆ ಆಶೀರ್ವಾದ.

ನಿನ್ನ ಫಾರಂ ಬಂತು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಪೆನ್ನು ಹಿಡಿದರೆ ಮಾಸ್ಟರ ಬೆತ್ತ ನೆನಪಾಗುತ್ತದೆ. ಆದರೂ ಬರೆಯುತ್ತೇನೆ. ನಿನ್ನ ಮಾವ ಪಕ್ಕದಲ್ಲಿ ಬಲೆ ಕಟ್ಟುತ್ತಾ ಕೂತು ನಗುತ್ತಿದ್ದಾರೆ. "ಮೀನ್ ತೂಕ ಮಾಡುದ್ ಕಂಡಿದೆ, ಹೊಗಿ ತೂಕ ಮಾಡುದ್ ಎಲ್ಲೂ ಕಾಂಬುಕೆ ಸಿಕ್ಕಿರ್ಲಿಲ್ಲ" ಅಂತ. ನಾನು ಹೇಳಿದೆ, "ನೀವ್ ಬೀಡಿ ಸೇದುದ್ ಬರೂಕೆ ಒಂದ್ ಕಾಲಂ ಇತ್ತಂಬ್ರ್" ಅಂತ. ಅಷ್ಟಕ್ಕೆ ಬಾಯಿ ಮುಚ್ಚಿತು.

ಕೆಲವು ಅನುಮಾನ ಉಂಟು. ತೆಂಗಿನ ಗರಿ, ಚಿಪ್ಪು ಸೌದೆಗೆ ಸೇರುತ್ತದಾ? ಸ್ನಾನದ ನೀರು ಕಾಯಿಸುವುದು ಅದರಲ್ಲೇ. ಮತ್ತೊಂದು, ಬಸ್ಸಿನ ಕಾಲಂ. ನಾನು ಬೆಳಿಗ್ಗೆ ಕುಂದಾಪುರ ಮಾರ್ಕೆಟಿಗೆ ಹೋಗಿಬರುವುದನ್ನು ಬರೆದಿದ್ದೇನೆ. ಆದರೆ ದಿನಾ ಒಂದು ಬುತ್ತಿ ಕ್ಯಾರಿಯರ್ ಕುಂದಾಪುರದಿಂದ ಶಂಕರನಾರಾಯಣಕ್ಕೆ ಬಸ್ಸಿನಲ್ಲಿ ಹೋಗುತ್ತದೆ. ಕಂಡಕ್ಟರ್ ಅಣ್ಣಯ್ಯ ಡ್ರೈವರ್ ಸೀಟಿನ ಹಿಂದೆ ಇಟ್ಟುಕೊಳ್ಳುತ್ತಾನೆ, ಸಂಜೆ ಖಾಲಿ ಕ್ಯಾರಿಯರ್ ವಾಪಸ್ ತರುತ್ತಾನೆ. ಟಿಕೆಟಿಲ್ಲ. ಬಸ್ಸು ಹೇಗೂ ಹೋಗುವುದೇ. ಅದನ್ನು ಬರೆಯಬೇಕಾ, ಬೇಡವಾ? ಸುಳ್ಳು ಬರೆಯಬೇಡಿ ಅಂತ ನೀನೇ ಹೇಳಿದ್ದಕ್ಕೆ ಕೇಳಿದೆ.

ಅತ್ತಿಗೆ ಹೇಗಿದ್ದಾರೆ ಅಂತ ನಾನು ಕೇಳಿದೆ ಅಂತ ನಿನ್ನ ಅಮ್ಮನಿಗೆ ಹೇಳು. ಒಣಗಿದ ಸಿಗಡಿ ಕಟ್ಟಿಟ್ಟಿದ್ದೇನೆ, ಬೈಂದೂರಿಗೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ.

ಇಂತಿ,
ಸುಗುಣ

*

ಧಾರವಾಡ
19-6-2024

ಪ್ರೀತಿಯ ಅತ್ತೆ,

ಅಯ್ಯಬ್ಯಾ, ನೀವು ಬುತ್ತಿ ವ್ಯಾಪಾರ ಶುರು ಮಾಡಿದ್ದೀರಿ ಅಂತ ನನಗೆ ಯಾರೂ ಹೇಳಲೇ ಇಲ್ಲ! ಶಂಕರನಾರಾಯಣದವರೆಗೂ ನಿಮ್ಮ ಮೀನು ಸಾರಿನ ಹೆಸರು ಹೋಗಿದೆ ಎಂದಾಯಿತು. ಒಳ್ಳೆಯದು. ಯಾರೋ ಬ್ಯಾಂಕಿನ ಒಬ್ಬಂಟಿ ಗಿರಾಕಿ ಇರಬೇಕು.

ಆದರೆ ವ್ಯಾಪಾರದ ಅಡುಗೆ ಮನೆಯ ಲೆಕ್ಕಕ್ಕೆ ಬರುವುದಿಲ್ಲ. ಬುತ್ತಿಗೆ ಎಷ್ಟು ಅಕ್ಕಿ, ಎಷ್ಟು ಹೊತ್ತು ಗ್ಯಾಸು ಎಂದು ಅಂದಾಜು ಮಾಡಿ ಕಳೆದುಬಿಡಿ. ಬಸ್ಸಿನಲ್ಲಿ ಹೋಗುವ ಕ್ಯಾರಿಯರ್ ಬರೆಯುವುದು ಬೇಡ. ತೆಂಗಿನ ಚಿಪ್ಪು ಬರೆಯಿರಿ.

ಬೀಡಿಗೆ ಕಾಲಂ ಇಲ್ಲ ಎಂದು ಮಾವನಿಗೆ ಹೇಳಬೇಡಿ.

ನವ್ಯ

*

ಕೋಡಿ
4-8-2024

ಚಿ. ನವ್ಯಶ್ರೀಗೆ,

ಎರಡು ತಿಂಗಳ ಫಾರಂ ತುಂಬಿಸಿ ಸಹಿ ಹಾಕಿ ಇದರೊಟ್ಟಿಗೆ ಇಟ್ಟಿದ್ದೇನೆ. ಗ್ಯಾಸು ಮೂವತ್ತೈದು ದಿನಕ್ಕೆ ಒಂದು. ಕರೆಂಟು ಬಿಲ್ಲು ಪಿನ್ ಹೊಡೆದಿದ್ದೇನೆ. ಮನೆಯ ಜನ ಮೂರು.

ಬುತ್ತಿ ವ್ಯಾಪಾರ ಅಲ್ಲ. ಅದರ ಅಕ್ಕಿ, ಗ್ಯಾಸು ಏನೂ ಕಳೆದಿಲ್ಲ. ನೀನು ಹೇಳಿದ ಹಾಗೆಯೇ ಬರೆದಿದ್ದೇನೆ, ನೀನೂ ಹಾಗೆಯೇ ಇಟ್ಟುಕೋ.

ಬೋಟು ಮತ್ತೆ ನೀರಿಗಿಳಿದಿದೆ. ನಿನ್ನ ಮಾವ ಮೊನ್ನೆಯಿಂದ ಗಂಗೊಳ್ಳಿ ಬಂದರಿಗೆ ಹೋಗುತ್ತಿದ್ದಾರೆ. ಮನೆ ಖಾಲಿ ಖಾಲಿ ಅನಿಸುತ್ತದೆ. ಎರಡು ತಿಂಗಳು ಕಾಲ ಕೆಳಗೆ ಬಲೆ ಹರಡಿಕೊಂಡು ಕೂತಿದ್ದಾಗ ಯಾವಾಗ ಹೋಗುತ್ತಾರಪ್ಪಾ ಅನಿಸುತ್ತಿತ್ತು.

ಸುಗುಣ

*

ಧಾರವಾಡ
15-8-2024

ಪ್ರೀತಿಯ ಅತ್ತೆ,

ಮೊದಲು ನನ್ನ ಮರ್ಯಾದೆ ಹೋದ ಕಥೆ ಕೇಳಿ. ನಿಮ್ಮ ಫಾರಂ ಪ್ರಕಾರ ಮಾವನ ಬೈಕಿಗೆ ಎರಡು ತಿಂಗಳು ಪೆಟ್ರೋಲೇ ಹಾಕಿಲ್ಲ. ನಾನು ಸೊನ್ನೆಯನ್ನು ಆರರಿಂದ ಗುಣಿಸಿ ವರ್ಷಕ್ಕೂ ಸೊನ್ನೆ ಎಂದು ಬರೆದುಕೊಂಡು ಹೋದೆ. ಮೇಡಂ ಕನ್ನಡಕ ಕೆಳಗಿಳಿಸಿ, "ನಿಮ್ಮ ಕಡೆಯ ಮೀನುಗಾರರು ವರ್ಷವಿಡೀ ಮನೆಯಲ್ಲೇ ಇರ್ತಾರೇನಮ್ಮಾ?" ಎಂದರು. ಜೂನ್, ಜುಲೈ ಬೋಟಿಗೆ ರಜೆ ಎಂಬುದು ನನಗೇ ಮರೆತುಹೋಗಿತ್ತು! ಕಡಲ ಬುಡದಲ್ಲಿ ಹುಟ್ಟಿದವಳು ಮಾಡುವ ತಪ್ಪಾ ಇದು? ಇದರೊಟ್ಟಿಗೆ ಆಗಸ್ಟಿನ ಫಾರಂ ಕಳಿಸಿದ್ದೇನೆ, ದಯವಿಟ್ಟು ಅದನ್ನೂ ತುಂಬಿಸಿ.

ಎರಡನೆಯದು ನಿಮ್ಮ ತಪ್ಪು. ಜನ ಮೂರು ಎಂದು ಬರೆದಿದ್ದೀರಿ. ಪ್ರಥಮ್‌ನನ್ನು ಬಿಡಲು ನಿಮಗೆ ಮನಸ್ಸು ಬಂದಿಲ್ಲ, ಅರ್ಥವಾಗುತ್ತದೆ. ಆದರೆ ಅವನು ಉಣ್ಣುವುದು ಗೋವಾದಲ್ಲಿ. ನಾನು ಎರಡು ಎಂದು ತಿದ್ದಿದ್ದೇನೆ. ತಿದ್ದಿದ ಮೇಲೆ ಏನಾಯಿತು ಗೊತ್ತಾ? ತಲೆಗೆ ಐನೂರಿಪ್ಪತ್ತು ಕಿಲೋ! ಬ್ರಹ್ಮಾವರದ ಕಾರಿರುವ ಮನೆಯೊಂದನ್ನು ಬಿಟ್ಟರೆ ಹನ್ನೆರಡರಲ್ಲಿ ನಿಮ್ಮದೇ ಹೆಚ್ಚು. ಇಬ್ಬರಿಗೆ ಅಷ್ಟೊಂದು ಗ್ಯಾಸಾ ಅತ್ತೆ? ಮಾವ ಮನೆಯಲ್ಲಿದ್ದು ಎರಡೆರಡು ಸಲ ಉಂಡಿದ್ದಾರೆ ಎಂದೇ ಇಟ್ಟುಕೊಳ್ಳೋಣ, ಆದರೂ ಹೆಚ್ಚೇ. ಒಲೆ ಉರಿಯಲು ಬಿಟ್ಟು ಮಾತಿಗೆ ನಿಲ್ಲುವುದನ್ನು ಕಡಿಮೆ ಮಾಡಿ. ಕುಚ್ಚಲಕ್ಕಿಯನ್ನು ಕುಕ್ಕರಿನಲ್ಲಿ ಇಡಿ. ಆ ಬುತ್ತಿಯನ್ನು ನಿಲ್ಲಿಸಿದರಂತೂ ನಿಮ್ಮ ಲೆಕ್ಕ ಮೂರನೇ ಒಂದು ಭಾಗ ಇಳಿಯುತ್ತದೆ. ವ್ಯಾಪಾರ ಅಲ್ಲದಿದ್ದರೆ ಮತ್ತೆ ಯಾಕೆ ಅದು?

ಈ ಸಲ ಹೆಸರುಗಳನ್ನೂ ಬರೆಯಬೇಕು. ಪಕ್ಕದಲ್ಲಿ ಸಂಬಂಧ.

ನವ್ಯ

*

ಕೋಡಿ
2-9-2024

ನವ್ಯಾ,

ನಿನ್ನ ಪತ್ರ ಓದಿ ನನಗೆ ಪಿತ್ತ ನೆತ್ತಿಗೇರಿತು. ಒಲೆ ಉರಿಯಲು ಬಿಟ್ಟು ಮಾತಿಗೆ ನಿಲ್ಲುವವಳಾ ನಾನು? ನಾಲ್ಕೂವರೆಗೆ ಎದ್ದು ಆರಕ್ಕೆಲ್ಲ ಮೀನಿನ ಬುಟ್ಟಿಯೊಟ್ಟಿಗೆ ಬಸ್ ಹತ್ತುವವಳಿಗೆ ಮಾತಿಗೆ ಯಾವ ಹೊತ್ತುಂಟು ಮಾರಾಯ್ತಿ? ನನ್ನ ಒಲೆ ಎಷ್ಟು ಹೊತ್ತು ಉರಿಯಬೇಕು ಅಂತ ಧಾರವಾಡದಿಂದ ಬರೆದು ಕಳಿಸುವಷ್ಟು ದೊಡ್ಡವಳಾದೆ ನೀನು.

ಮೂರು ಅಂದರೆ ಮೂರು. ಪ್ರಥಮ್ ಅಲ್ಲ. ಹೆಸರು ಬೇಕು ಅಂದೆಯಲ್ಲ, ಫಾರಂನಲ್ಲಿ ಬರೆದಿದ್ದೇನೆ. ನಾಗ, ಗಂಡ. ಸುಗುಣ, ಸ್ವತಃ. ರಾಜೀವ, ಅಣ್ಣ.

ಈಗ ಕೂತುಕೊಂಡು ಓದು. ನಿನ್ನ ಅಪ್ಪ ಎರಡು ವರ್ಷದಿಂದ ಶಂಕರನಾರಾಯಣದಲ್ಲಿದ್ದಾನೆ. ಅಲ್ಲೊಂದು ಅಕ್ಕಿ ಗಿರಣಿಯ ಬಾಗಿಲು ಕಾಯುತ್ತಾನೆ, ಅವರೇ ಒಂದು ಕೋಣೆ ಕೊಟ್ಟಿದ್ದಾರೆ. ಬೊಂಬಾಯಿಯ ಹೋಟೆಲಿನಲ್ಲಿ ಕಾದ ಎಣ್ಣೆಯ ಬಾಣಲೆ ಬಲಗೈ ಮೇಲೆ ಮಗುಚಿದ್ದು. ಬೆರಳುಗಳು ಒಂದಕ್ಕೊಂದು ಅಂಟಿಹೋಗಿವೆ. ಸೌಟು ಹಿಡಿಯಲಿಕ್ಕಾಗುವುದಿಲ್ಲ, ಪಾತ್ರೆ ಇಳಿಸಲಿಕ್ಕಾಗುವುದಿಲ್ಲ. ಊರಿಗೆಲ್ಲ ಅಡುಗೆ ಮಾಡಿ ಬಡಿಸಿದವನಿಗೆ ಒಂದು ಹಿಡಿ ಅನ್ನ ಬೇಯಿಸಿಕೊಳ್ಳಲಿಕ್ಕಾಗುವುದಿಲ್ಲ.

ಅವನು ಮಾಡಿದ್ದು ನನಗೆ ಮರೆತಿಲ್ಲ. ನಿಮ್ಮಿಬ್ಬರನ್ನು ಬಿಟ್ಟು ಬೊಂಬಾಯಿಗೆ ಹೋದಾಗ ನಿನಗೆ ಹನ್ನೊಂದು ವರ್ಷ. ಒಂಬತ್ತು ವರ್ಷ ಒಂದು ಕಾಗದವಿಲ್ಲ, ಒಂದು ಫೋನಿಲ್ಲ. ಅತ್ತಿಗೆ ಗೇರುಬೀಜದ ಕಾರ್ಖಾನೆಯಲ್ಲಿ ಕೈ ಸುಟ್ಟುಕೊಂಡು ನಿನ್ನನ್ನು ಓದಿಸಿದ್ದನ್ನು ಕಣ್ಣಾರೆ ಕಂಡವಳು ನಾನು. ಆಮೇಲೆ ಅವನು ಕೈಗೆ ಬಟ್ಟೆ ಸುತ್ತಿಕೊಂಡು ಬೈಂದೂರಿನ ಅಂಗಳದಲ್ಲಿ ಬಂದು ನಿಂತ ದಿನ ನಾನೂ ಅಲ್ಲಿದ್ದೆ. ನೀನು ಒಳಗಿದ್ದೆ, ಹೊರಗೆ ಬರಲಿಲ್ಲ. ಅತ್ತಿಗೆ ಹೇಳಿದ್ದು ನಿನಗೂ ಕೇಳಿಸಿರಬೇಕು. "ನನ್ ಗಂಡ ಸತ್ತ್ ಒಂಬತ್ ವರ್ಷ ಆಯ್ತ್. ಇವ್ರಿಗೆ ಒಂದ್ ಲೋಟ ನೀರ್ ಕೊಟ್ಟವ್ರ್ ನನ್ ಮನಿ ಮೆಟ್ಲ್ ಹತ್ತುಕಾಗ." ಅವರು ಹೇಳಿದ್ದು ನ್ಯಾಯವೇ. ಅವನು ತಿರುಗಿ ಹೋದ.

ಮಾರನೆಯ ವಾರದಿಂದ ನಾನು ಬುತ್ತಿ ಕಳಿಸುತ್ತಿದ್ದೇನೆ. ಒಟ್ಟಿಗೆ ಹುಟ್ಟಿದವನು ಹಸಿದಿದ್ದಾನೆ ಅಂತ ಗೊತ್ತಿದ್ದೂ ನನಗೆ ಅನ್ನ ಇಳಿಯಲಿಲ್ಲ, ಅಷ್ಟೇ. ನಿನ್ನ ಮಾವನಿಗೆ ಗೊತ್ತು. ಮೊದಲನೆಯ ದಿನ ಕ್ಯಾರಿಯರ್ ಕಂಡು, "ಒಂದ್ ಮೀನ್ ಜಾಸ್ತಿ ಹಾಕ್" ಅಂದದ್ದು ಬಿಟ್ಟರೆ ಇವತ್ತಿನವರೆಗೂ ಆ ಬಗ್ಗೆ ಮಾತಿಲ್ಲ.

ಎರಡು ವರ್ಷ ಅತ್ತಿಗೆಯ ಮೆಟ್ಟಿಲು ಹತ್ತಿದ್ದೇನೆ, ಅವರ ಕೈಯ ಚಾ ಕುಡಿದಿದ್ದೇನೆ, ಬಾಯಿ ಬಿಡಲಿಲ್ಲ. ಬಾಯಲ್ಲಿ ಹೇಳದೆ ಇರಬಹುದು ಮಗಾ, ಆದರೆ ಒಲೆಯ ಅನ್ನ ದಿನಾ ಉಣ್ಣುವವರ ಹೆಸರು ಬರಿ ಅಂತ ಕಾಗದ ಕೊಟ್ಟರೆ ಅವನ ಹೆಸರು ಬಿಟ್ಟು ಸಹಿ ಹಾಕಲು ನನಗೆ ಕೈ ಬರಲಿಲ್ಲ. ನಿನ್ನ ಲೆಕ್ಕದಲ್ಲಿ ಅವನು ಇರಬೇಕಾ, ಬೇಡವಾ, ನೀನೇ ಹೇಳು. ಅತ್ತಿಗೆಗೆ ಹೇಳುವುದಾದರೆ ಹೇಳು, ತಡೆಯುವುದಿಲ್ಲ. ಆ ಮನೆ ನನಗೆ ತಪ್ಪಿದರೆ ಬೇಸರವೇ. ಆದರೂ ಬುತ್ತಿ ನಿಲ್ಲಿಸಲಿಕ್ಕೆ ನನ್ನಿಂದಾಗುವುದಿಲ್ಲ.

ಸುಗುಣ

*

ಧಾರವಾಡ
9-9-2024

ಸುಗುಣತ್ತೆಗೆ,

ನಿಮ್ಮ ಮನೆಯನ್ನು ಪಟ್ಟಿಯಿಂದ ತೆಗೆದಿದ್ದೇನೆ. ಹನ್ನೊಂದು ಮನೆ ಸಾಕಾಗುತ್ತದೆ. ಮೂರೂ ತಿಂಗಳ ಫಾರಂಗಳನ್ನು ಇದರೊಟ್ಟಿಗೆ ವಾಪಸ್ ಕಳಿಸುತ್ತಿದ್ದೇನೆ.

ಅಮ್ಮನಿಗೆ ನಾನು ಏನೂ ಹೇಳುವುದಿಲ್ಲ. ನನಗೂ ಇನ್ನು ಈ ವಿಷಯ ಬರೆಯಬೇಡಿ.

ನವ್ಯಶ್ರೀ

*

ಕೋಡಿ
1-10-2024

ಚಿ. ನವ್ಯಶ್ರೀಗೆ,

ಫಾರಂಗಳು ತಲುಪಿದವು. ಒಂದು ಖಾಲಿ ಫಾರಂ ಉಳಿದಿತ್ತು, ಸೆಪ್ಟೆಂಬರಿಂದು ತುಂಬಿಸಿ ಕಳಿಸುತ್ತಿದ್ದೇನೆ. ಈ ಸಲವೂ ಬೈಕಿನ ಪೆಟ್ರೋಲ್ ಉಂಟು. ಬೇಕಾದರೆ ಇಟ್ಟುಕೋ, ಬೇಡದಿದ್ದರೆ ಹರಿದು ಹಾಕು. ಅಂಚೆಯಲ್ಲಿ ವಾಪಸ್ ಕಳಿಸುವುದು ಬೇಡ, ಅದಕ್ಕೂ ಹೊಗೆ ಖರ್ಚಲ್ಲವಾ.

ನೀನು ಬರೆಯಬೇಡಿ ಅಂದ ವಿಷಯ ಬರೆಯುವುದಿಲ್ಲ. ಒಂದೇ ಒಂದು ಮಾತು. ಅವನು ನಿನ್ನ ಬಗ್ಗೆ ಕೇಳುವುದಿಲ್ಲ. ಕೇಳುವ ಮುಖ ತನಗಿಲ್ಲ ಅಂತ ಅವನಿಗೆ ಗೊತ್ತು. ತಿಂಗಳಿಗೊಮ್ಮೆ ನಾನು ಹೋದಾಗ ನಾನೇ ಹೇಳುತ್ತೇನೆ, ಧಾರವಾಡದಲ್ಲಿ ಓದುತ್ತಿದ್ದಾಳೆ, ಹೊಗೆ ಅಳೆಯುತ್ತಾಳೆ ಅಂತ. ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾನೆ. ಆಮೇಲೆ ಸಾರಿಗೆ ಹುಳಿ ಹೆಚ್ಚಾಯಿತು, ಉಪ್ಪು ಕಡಿಮೆಯಾಯಿತು ಅಂತ ಶುರು ಮಾಡುತ್ತಾನೆ. ಬಾಣಸಿಗನ ಬುದ್ಧಿ, ಕೈ ಹೋದರೂ ನಾಲಿಗೆ ಹೋಗಿಲ್ಲ.

ದೀಪಾವಳಿಗೆ ಊರಿಗೆ ಬರುವುದುಂಟಾ? ಕಾಣೆ ಮೀನು ಒಳ್ಳೆಯದು ಬರುತ್ತಿದೆ.

ಅತ್ತೆ

*

ಕೋಡಿ
21-10-2024

ನವ್ಯಾ,

ಉತ್ತರ ಬರಲಿಲ್ಲ. ನಿನಗೆ ಸಿಟ್ಟಿದ್ದರೆ ಇರಲಿ, ಹುಷಾರಾಗಿದ್ದೇನೆ ಅಂತ ಒಂದು ಸಾಲು ಬರಿ. ಫೋನ್ ಮಾಡಿದರೂ ನೀನು ತೆಗೆಯುವುದಿಲ್ಲ.

ಸುಗುಣ

*

ಧಾರವಾಡ
10-11-2024

ಪ್ರೀತಿಯ ಅತ್ತೆ,

ಹುಷಾರಾಗಿದ್ದೇನೆ. ದೀಪಾವಳಿಗೆ ಬೈಂದೂರಿಗೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ, ಆದರೆ ನಿಮ್ಮನ್ನು ನೋಡಿದೆ.

ಹಬ್ಬ ಮುಗಿದ ಮಾರನೆಯ ದಿನ ಪುಸ್ತಕ ತರಬೇಕೆಂದು ಅಮ್ಮನಿಗೆ ಹೇಳಿ ಕುಂದಾಪುರಕ್ಕೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಶಂಕರನಾರಾಯಣದ ಬಸ್ಸು ನಿಂತಿತ್ತು. ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ. ಹತ್ತುವಾಗ ಏನು ಮಾಡಬೇಕೆಂದಿದ್ದೆನೋ ನನಗೇ ಗೊತ್ತಿಲ್ಲ. ಹತ್ತೂವರೆಗೆ ನೀವು ಬಂದಿರಿ. ಒಂದು ಕಂಕುಳಲ್ಲಿ ಖಾಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಕ್ಯಾರಿಯರ್. ಅಣ್ಣಯ್ಯನ ಕೈಗೆ ಕೊಟ್ಟು, "ಬಗ್ಸುಕಾಗ, ಸಾರಿತ್ತ್" ಎಂದಿರಿ. ನಾನು ಮುಖ ಆಚೆ ತಿರುಗಿಸಿದೆ.

ಬಸ್ಸು ಹೊರಟ ಮೇಲೆ ಮುಂದೆ ಹೋಗಿ, ಅದನ್ನು ನಾನೇ ಕೊಡುತ್ತೇನೆ ಎಂದೆ. ಅಣ್ಣಯ್ಯ ನನ್ನನ್ನೇ ನೋಡಿ, "ನೀವ್ ಸುಗುಣಕ್ಕನ ಕಡಿಯವ್ರಾ?" ಎಂದರು. ಹೌದು ಎಂದೆ. ತೊಡೆಯ ಮೇಲಿಟ್ಟುಕೊಂಡು ಕೂತೆ. ಬಟ್ಟೆ ಸುತ್ತಿದ್ದರಿಂದ ಇನ್ನೂ ಬೆಚ್ಚಗಿತ್ತು. ಎಷ್ಟು ಕಿಲೋಮೀಟರು ಎಂದು ಫೋನಿನಲ್ಲಿ ನೋಡುತ್ತಾ ಹೋದೆ. ಬೇರೆ ಯೋಚನೆ ಮಾಡಲು ಧೈರ್ಯವಿರಲಿಲ್ಲ.

ಸ್ಟಾಪಿನಲ್ಲಿ ಅವರು ನಿಂತಿದ್ದರು. ಕೂದಲೆಲ್ಲ ಬೆಳ್ಳಗಾಗಿದೆ. ಹೆಗಲಿನ ಬೈರಾಸನ್ನು ಬಲಗೈ ಮುಚ್ಚುವ ಹಾಗೆ ಹಾಕಿಕೊಂಡಿದ್ದರು. ಎಡಗೈ ಚಾಚಿ ಕ್ಯಾರಿಯರ್ ತೆಗೆದುಕೊಂಡರು. ಗುರುತು ಸಿಗಲಿಲ್ಲ ಅವರಿಗೆ. ಊರಲ್ಲಿ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದರು. "ನೀನ್ ಯಾರ್ ಮಗ್ಳ್ ಮಗಾ?"

ನಾನು ಅಮ್ಮನ ಹೆಸರನ್ನೇ ಹೇಳಿದೆ, "ಸರಸನ ಮಗ್ಳ್" ಎಂದು.

ಅವರು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಬೈಯಬೇಕೆಂದು ಹನ್ನೊಂದು ವರ್ಷದಿಂದ ಕೂಡಿಟ್ಟ ಮಾತುಗಳೆಲ್ಲ ಇದ್ದವಲ್ಲ ಅತ್ತೆ, ಅವನ್ನೆಲ್ಲ ಬಿಟ್ಟು ನಾನೂ ಪಕ್ಕದಲ್ಲಿ ಕೂತೆ. ಅವರೇ, "ಊಟ ಆಯ್ತಾ?" ಎಂದರು. ಇಲ್ಲ ಎಂದೆ. ಎಡಗೈಯಲ್ಲಿ ಕ್ಯಾರಿಯರ್ ಬಿಚ್ಚಿ, ಮುಚ್ಚಳಕ್ಕೆ ಅನ್ನ ಸುರಿದು, ದೊಡ್ಡ ಹೋಳು ನನಗೆ ಹಾಕಿದರು. ಅದು ಒಬ್ಬರ ಅನ್ನ. ನಾನು ಉಂಡೆ. ಅವರು ಉಣ್ಣಲಿಲ್ಲ. "ನಂದ್ ಆಮೇಲ್ ಅಕ್ಕ್" ಎಂದು ಉಳಿದದ್ದನ್ನು ಮುಚ್ಚಿಟ್ಟರು. ಮುಂದಿನ ಬಸ್ಸಿಗೆ ನಾನು ವಾಪಸ್ ಹೊರಟೆ. ಹೋಗಿಬರುತ್ತೇನೆ ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ.

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಇಲ್ಲಿ ಸೇರುವಾಗ ಕಾಲೇಜಿನ ಅರ್ಜಿಯಲ್ಲಿ ಅಪ್ಪನ ಹೆಸರಿನ ಹಿಂದೆ ದಿವಂಗತ ಎಂದು ಬರೆದಿದ್ದೆ. ಯಾರೂ ಬರೆಸಲಿಲ್ಲ, ನಾನೇ ಬರೆದದ್ದು. ಅದಾಗಿ ಒಂದು ವರ್ಷಕ್ಕೆ ನೀವು ನನ್ನದೇ ಫಾರಂನಲ್ಲಿ ಅವರ ಹೆಸರು ಬರೆದು ಕಳಿಸಿದಿರಿ. ಸಿಟ್ಟು ಬಂದದ್ದು ನಿಮ್ಮ ಮೇಲಲ್ಲ, ನಾಚಿಕೆಗೆ. ಮೊನ್ನೆ ಆಫೀಸಿಗೆ ಹೋಗಿ ತಿದ್ದಬೇಕೆಂದೆ. ಗುಮಾಸ್ತರು, "ಸತ್ತವರು ಹೆಂಗ್ ಬದುಕಿ ಬಂದ್ರವಾ?" ಎಂದು ನಕ್ಕರು. ನನ್ನ ತಪ್ಪು ಸರ್ ಎಂದೆ. ಏನೋ ಪ್ರಮಾಣಪತ್ರ ತರಬೇಕಂತೆ, ತರುತ್ತೇನೆ.

ನಿಮ್ಮ ಮನೆ ಪಟ್ಟಿಗೆ ವಾಪಸ್ ಬಂದಿದೆ. ಸೆಪ್ಟೆಂಬರಿನ ಫಾರಂ ಹರಿದಿರಲಿಲ್ಲ. ನಾನು ವಾಪಸ್ ಕಳಿಸಿದ ಮೂರು ಫಾರಂಗಳನ್ನೂ ದಯವಿಟ್ಟು ಮತ್ತೆ ಕಳಿಸಿ. ಜನ ಮೂರು, ಪೆಟ್ರೋಲ್ ಬಿಟ್ಟು ತಲೆಗೆ ಮುನ್ನೂರೈವತ್ತು ಕಿಲೋದ ಹತ್ತಿರ. ಬಸ್ಸಿನ ಕಾಲಂನಲ್ಲಿ ಕ್ಯಾರಿಯರನ್ನು ಸೇರಿಸಬೇಕಾ ಎಂದು ಮೇಡಂ ಹತ್ತಿರ ಕೇಳಿದೆ, ಬೇಡ ಎಂದರು. ಅಡಿಟಿಪ್ಪಣಿಯಲ್ಲಿ ಬರೆದಿದ್ದೇನೆ. ನೀವು ಜೂನ್‌ನಲ್ಲೇ ಕೇಳಿದ್ದಿರಿ.

ಆ ದಿನ ಬೈಂದೂರಿಗೆ ಮರಳಿ ಅಮ್ಮನಿಗೆ ಎಲ್ಲ ಹೇಳಿದೆ. ನಿಮ್ಮ ಬುತ್ತಿಯ ವಿಷಯವನ್ನೂ ಹೇಳಿದೆ. ಮುಚ್ಚಿಡಲು ಆಗಲಿಲ್ಲ, ಕ್ಷಮಿಸಿ. ಅಮ್ಮ ಎದ್ದು ಒಳಗೆ ಹೋದರು. ಪಾತ್ರೆ ತೊಳೆದರು, ಕಸ ಗುಡಿಸಿದರು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು. ಮಾರನೆಯ ಬೆಳಿಗ್ಗೆ ನನ್ನನ್ನು ಬಸ್ ಹತ್ತಿಸಲು ಬಂದವರು, ಬಸ್ಸು ಕಾಣಿಸಿದ ಮೇಲೆ, ನನ್ನ ಮುಖ ನೋಡದೆ ಕೇಳಿದರು.

"ಈಗ ಯಾವ ಕೈಯಗೆ ಉಂಬುದಂಬ್ರ್?"

ಅವರು ಉಣ್ಣುವುದನ್ನು ನಾನು ನೋಡಿಯೇ ಇರಲಿಲ್ಲ ಅತ್ತೆ. ಅವರು ನನ್ನೆದುರು ಯಾಕೆ ಉಣ್ಣಲಿಲ್ಲ ಎಂದು ಆಗ ಹೊಳೆಯಿತು. ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ನೋಡಿದರೆ ಅಮ್ಮ ಇನ್ನೂ ಅಲ್ಲೇ ನಿಂತಿದ್ದರು.

ತಿಂಗಳಿಗೊಮ್ಮೆ ಹೋಗುವವರು ನೀವು, ನಿಮಗೆ ಗೊತ್ತಿರುತ್ತದೆ. ಎಡಗೈಯಲ್ಲಿ ಉಣ್ಣುತ್ತಾರಾ, ಚಮಚ ಹಿಡಿಯುತ್ತಾರಾ, ಬಲಗೈಯ ಬೆರಳು ಒಂದಾದರೂ ಮಡಚುತ್ತದಾ, ಎಲ್ಲ ಬರೆಯಿರಿ. ನನಗಲ್ಲ, ಬೈಂದೂರಿಗೇ ಬರೆಯಿರಿ. ಫೋನ್ ಬೇಡ. ಬಾಯಲ್ಲಿ ಹೇಳಿದರೆ ಅಮ್ಮ ಕೇಳಿಸಿಕೊಳ್ಳುವುದಿಲ್ಲ, ಕಾಗದವಾದರೆ ಓದುತ್ತಾರೆ.

ನಿಮ್ಮ,
ನವ್ಯ